ಹೊಳೆಗೆ ಹೇಳಿದ ಹೆಸರು

ಆಗೆಲ್ಲ ನಮ್ಮ ಮನೆಯಲ್ಲಿ ಹುಟ್ಟಿದ ಕೂಸನ್ನು ಕೂಡಲೇ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೊದಲ ಸಲ ಹೊಳೆಯಲ್ಲಿ ಮೀಸಿ, ಅಜ್ಜಿ ಆ ಹೆಸರನ್ನು ನೀರಿಗೆ ಹೇಳಬೇಕು. ಆಮೇಲೆಯೇ ಅದು ಉಳಿದವರ ಬಾಯಿಗೆ. ಅಲ್ಲಿಯವರೆಗೆ ನನ್ನ ತಮ್ಮ ಬರೀ ‘ಕೂಸು’.

ಅಪ್ಪ ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಮನೆಯಿಂದ ಇಳಿದರೆ ಭದ್ರಾ ಹೊಳೆ. ಅವತ್ತು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಿತ್ತು. ಆ ಘಮದಲ್ಲೂ ತಮ್ಮನ ಮೈಯ ಹರಳೆಣ್ಣೆ, ಸಾಂಬ್ರಾಣಿ ಹೊಗೆಯ ವಾಸನೆ ನನಗೆ ಬೇರೆಯಾಗಿ ತಿಳಿಯುತ್ತಿತ್ತು. ಅಪ್ಪನ ತಂಗಿ ಸರೋಜತ್ತೆ ಅವನನ್ನೆತ್ತಿಕೊಂಡು ಮುಂದೆ, ಅಜ್ಜಿ ಮತ್ತು ಅಮ್ಮ ಹಿಂದೆ. ಮೀನಿಗೆ ಹಾಕುವ ಮಂಡಕ್ಕಿ ನನ್ನ ಲಂಗದ ಮಡಿಲಲ್ಲಿ; ದಾರಿಯಲ್ಲೇ ಅರ್ಧ ನಾನು ಮುಕ್ಕಿದ್ದೆ.

“ಅಜ್ಜಿ, ಹೊಳೆಗೆ ಕಿವಿ ಎಲ್ಲಿರುತ್ತೆ?”

“ಸುಮ್ನೆ ಬಾ ಮಾರಾಯ್ತಿ. ನಿನ್ನ ಮೀಸಿದಾಗ್ಲೂ ಅದು ಚೆನ್ನಾಗೇ ಕೇಳಿಸ್ಕೊಂಡಿತ್ತು. ನೀನೇ ಯಾರ ಮಾತೂ ಕೇಳಲ್ಲ.”

ಸರೋಜತ್ತೆ ನಕ್ಕಳು. ಅಮ್ಮ ನಗಲಿಲ್ಲ.

ಅಜ್ಜಿ ದಡದ ಕಲ್ಲಿಗೆ ವಿಭೂತಿ ಹಚ್ಚಿ, ಕೂಸನ್ನೆತ್ತಿಕೊಂಡು ಮೊಣಕಾಲುದ್ದ ನೀರಿಗಿಳಿದರು. ಮೊದಲು ಅವನ ಪಾದ ಅದ್ದಿದರು. ಅವನು ಕಿರುಚಿದ. ಹೆಸರು ತಪ್ಪಿಸಿಕೊಳ್ಳಬಾರದೆಂದು ನಾನು ಕಲ್ಲಿನ ತುದಿಗೆ ಬಂದು ಬಗ್ಗಿದೆ.

“ತಾಯಿ, ಇವನು ಮಹೇಶ. ನಮ್ಮನೆ ರೈಟರ ಎರಡನೇ ಕೂಸು. ಗುರುತಿಟ್ಕೋ.”

“ಮೂರನೇದು, ಅತ್ತೆ,” ಅಂದಳು ಅಮ್ಮ.

ಅಜ್ಜಿ ತಿರುಗಿ ನೋಡಿದರು. ನಾನು ಬೆರಳು ಮಡಿಸಿ ಎಣಿಸಿದೆ. ನಾನು, ಇವನು. ಇನ್ನೊಂದು ಎಲ್ಲಿ?

“ಗಿರಿಜಾ, ಮೀಸದೇ ಹೋದ ಕೂಸಿನ ಹೆಸರು ಹೇಳೋ ಪದ್ಧತಿ ಇಲ್ಲ ಕಣೇ.”

“ಹಾಗಾದ್ರೆ ಇವನನ್ನೂ ಕೊಡಿ ಇಲ್ಲಿ. ಮನೆಗೆ ಹೋಗ್ತೀನಿ.”

ಅಮ್ಮ ಅಜ್ಜಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೀರೆ ನೆನೆಯುವುದನ್ನೂ ನೋಡದೆ ನೀರಿಗಿಳಿದು ಕೈಚಾಚಿ ನಿಂತಿದ್ದಳು.

“ಕೂಸು ನಡುಗ್ತಾ ಇದೆ. ಅದೇನು ಅಂತ ಬೇಗ ತೀರ್ಮಾನ ಮಾಡ್ರೇ,” ಅಂದಳು ಸರೋಜತ್ತೆ.

ಅಜ್ಜಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, “ಏನಂತ ಇಟ್ಟಿದ್ದೆ?” ಅಂದರು.

“ನೀಲಾ.”

ಅಜ್ಜಿ ಹೊಳೆಯ ಕಡೆ ಬಗ್ಗಿದರು. “ಇವನಿಗಿಂತ ಮುಂಚೆ ಒಬ್ಳು ಬಂದಿದ್ಲು, ನೀಲಾ ಅಂತ. ಇಲ್ಲಿಗೆ ಕರ್ಕೊಂಡು ಬರೋಕೆ ಆಗ್ಲಿಲ್ಲ. ಅವಳೂ ನಮ್ಮವಳೇ ತಾಯಿ.”

ಅಮ್ಮ ಒಂದು ಬೊಗಸೆ ನೀರೆತ್ತಿ, ಮಗುವಿನ ತಲೆಗೆ ಹೊಯ್ಯುವ ಹಾಗೆ ಮೆಲ್ಲಗೆ ಹೊಳೆಗೇ ಬಿಟ್ಟಳು.

ಮನೆಗೆ ಬರುವಾಗ ಅವಳ ಕೈ ಜಗ್ಗಿ ಕೇಳಿದೆ: “ಅಮ್ಮ, ನೀಲಾ ಯಾರು?”

“ನಿನ್ನ ತಂಗಿ. ನೀನಿನ್ನೂ ತೊದಲು ಮಾತಾಡ್ತಿದ್ದಾಗ ಬಂದಿದ್ಲು. ದೊಡ್ಡವಳಾಗು, ಎಲ್ಲ ಹೇಳ್ತೀನಿ.”

ನಾನು ದೊಡ್ಡವಳಾದೆ. ಮದುವೆಯಾಗಿ ವಸ್ತಾರೆಗೆ ಬಂದೆ. ತವರಿಗೆ ಹೋದಾಗಲೆಲ್ಲ ಮಾತಾಡಲು ಬೇರೆ ಏನಾದರೂ ಇದ್ದೇ ಇರುತ್ತಿತ್ತು.

ಈಚೆಗೆ ಅಮ್ಮ ತೀರಿಕೊಂಡಳು. ತವರಿನಲ್ಲಿ ನಮ್ಮನ್ನು ಮಾತಾಡಿಸಲು ಬಂದ ದೂರದ ನೆಂಟರೊಬ್ಬರು, “ಅವ್ರಿಗೆ ಎಷ್ಟು ಜನ ಮಕ್ಕಳು?” ಅಂದರು.

“ಇಬ್ಬರು,” ಅಂದ ಮಹೇಶ.

“ಮೂವರು,” ಅಂದೆ.

ನೆಂಟರು ಹೋದ ಮೇಲೆ, ತಲೆ ನರೆತ ನನ್ನ ತಮ್ಮ ಹತ್ತಿರ ಬಂದು ಕೂತ. ಹೊಳೆಯಲ್ಲಿ ನಡೆದದ್ದನ್ನು ಹೇಳಿದೆ. ಬಾಯಿಬಿಟ್ಟು ಕೇಳಿದ. ಆಮೇಲೆ ಒಂದರ ಹಿಂದೊಂದು ಪ್ರಶ್ನೆ: “ಹೇಗಿದ್ಲು ಅಕ್ಕ? ಯಾರ ಹಾಗಿದ್ಲು? ಏನಾಗಿತ್ತು ಅವಳಿಗೆ?”

ನನಗೂ ಅದೇ ಬೇಕಿತ್ತು. ಯಾವತ್ತಿನ ಅಭ್ಯಾಸವೋ, ಕೇಳಿಕೊಂಡು ಬರೋಣವೆಂದು ಅಮ್ಮನ ಕೋಣೆಯ ಕಡೆ ಎದ್ದೇಬಿಟ್ಟಿದ್ದೆ.