ಸೀರೆ ಗಾರ್ಡ್ ಇಲ್ಲದ ಬೈಕು

ಕಾಪುವಿನ ನಮ್ಮ ನೆರೆಮನೆಯ ಅಂಕಲ್‌ದು ಒಂದೇ ಮಾತು: “ಒರಿಜಿನಲ್ ಮಾರಾಯ, ಒರಿಜಿನಲ್!” ತಂದೆ ಬಿಟ್ಟುಹೋದ ಹಳೆಯ ಇಂಗ್ಲಿಷ್ ಬೈಕನ್ನು ಉಜ್ಜುತ್ತ, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಮಣಿಪಾಲದಲ್ಲಿ ಹಳೆ ಬೈಕುಗಳ ಪ್ರದರ್ಶನ ಎಂದಾಗ ಅದರ ಸೀರೆ ಗಾರ್ಡನ್ನೂ ಕಾಲಿಡುವ ಪಟ್ಟಿಯನ್ನೂ ಕತ್ತರಿಸಿ ಎಸೆದರು. ಹಿಂದೆ ಕೂರುವ ಹೆಂಡತಿಯ ಸೆರಗು ಚಕ್ರಕ್ಕೆ ಸಿಗದಿರಲಿ, ಕಾಲಿಡಲು ಜಾಗವಿರಲಿ ಎಂದು ಅವರ ತಂದೆ ಅವನ್ನು ಮಲ್ಪೆಯಲ್ಲಿ ವೆಲ್ಡಿಂಗ್ ಮಾಡಿಸಿದ್ದರು.

“ಇಂಗ್ಲೆಂಡಿನವರು ಇದನ್ನು ಇಟ್ಟಿರಲಿಲ್ಲ,” ಎಂದರು.

“ಟಯರ್ ಎಲ್ಲಿಯದ್ದು ಅಂಕಲ್?” ಎಂದು ನಾನು ಕೇಳಿದೆ.

“ಇಲ್ಲಿಯದ್ದೇ.”

“ಹಾಗಾದರೆ ಅದನ್ನೂ ತೆಗೆಯಬೇಕು, ಅಲ್ವಾ?”

“ನಿನ್ನ ಡಿಬೇಟು ಕಾಲೇಜಿನಲ್ಲಿ ಇಟ್ಟುಕೋ!”

ಪ್ರದರ್ಶನದ ಬೆಳಿಗ್ಗೆ ಅವರ ತಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಅಂಗಳಕ್ಕೆ ಬಂದರು. ಗಂಡನ ಬೈಕಿನಲ್ಲಿ ಇನ್ನೊಮ್ಮೆ ಕೂರುವ ಆಸೆ ಅವರಿಗೆ. ಕಾಲಿಡಲು ಹೋದರೆ ಪಟ್ಟಿಯೇ ಇಲ್ಲ.

“ಎಂತ ಮಗಾ, ನಾನು ಕೂತುಕೊಳ್ಳುವುದು ಹೇಗೆ?”

“ನೀನು ಬಸ್ಸಲ್ಲಿ ಬಾ ಅಮ್ಮ.”

ನಾನೇ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಗನಿಗೆ ಮೊದಲ ಬಹುಮಾನ ಬಂತು. “ಅಪ್ಪನ ನೆನಪನ್ನು ಇದ್ದ ಹಾಗೆಯೇ ಉಳಿಸಿದ್ದೇನೆ,” ಎಂದು ಮೈಕಿನಲ್ಲಿ ಹೇಳಿದರು. ನಾನು ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿ ಕೂತಿದ್ದ ತಾಯಿ ತಟ್ಟಿದರು. ಆ ಚಪ್ಪಾಳೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.