ಮಾವಶಿಯ ಪುಟದಲ್ಲಿ ಬೇಡವಾದ ಹೆಸರು

ಹೋದ ತಿಂಗಳು ಚಿತ್ತಾಪುರದಲ್ಲಿ ನಾನು ಕಲಿಸುವ ಶಾಲೆಯಲ್ಲಿ ವರ್ಷದ ಗ್ಯಾದರಿಂಗ್ ಇತ್ತು. ನಾಟಕ ಮುಗಿಸಿ ಒಳಬಂದ ಹುಡುಗಿಯರ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತ ಕೂತಿದ್ದೆ. ಬಣ್ಣ, ಬೆವರು, ಎಣ್ಣೆ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯೊಳಗೆ ಕಾಲಿಟ್ಟರೆ ಬರುತ್ತಿದ್ದ ವಾಸನೆ ಅದು. ಮಾವಶಿಯ ಸೆರಗಿನ ವಾಸನೆ...

ಮಾವಶಿ, ಅಂದರೆ ಚಿಕ್ಕಮ್ಮ, ಅಂತ ಕರೆದರೂ ಅವರು ನಮಗೆ ಬಂಧುವಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೇ. ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಕ್ರೂರ ಅತ್ತೆಯ ಪಾತ್ರಕ್ಕೆ ಅವರನ್ನು ಬಿಟ್ಟರೆ ಬೇರೆಯವರಿಲ್ಲ ಎನ್ನುವಷ್ಟು ಹೆಸರು. ಓಣಿಯ ಹೊಸ ಸೊಸೆಯರು ಅವರನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ತೊಗರಿ ಬ್ಯಾಳಿ ಹಸನು ಮಾಡುತ್ತಲೇ ಪಾತ್ರದ ಮಾತು ಬಾಯಿಪಾಠ ಮಾಡುವರು. ಮುಂದೆ ಕೂತ ನಮಗೆ ಆ ಬೈಗುಳವೆಲ್ಲ ಬೀಳುವುದು. ಬೈದು ಮುಗಿಸಿ ತಾವೇ ನಕ್ಕು, ಅಂಗೈಗೆ ಬೆಲ್ಲ ಇಡುವರು. ನಾನು ಪಾಠ ಓದಿದರೆ ತಡೆದು, “ನುಂಗಬ್ಯಾಡ ಮಗಾ. ಕಡೀ ಸಾಲಿನ್ಯಾಗ ಕುಂತಾಕಿಗೂ ಕೇಳಿಸಬೇಕು” ಎನ್ನುತ್ತಿದ್ದರು. ಇವತ್ತಿಗೂ ತರಗತಿಯಲ್ಲಿ ನನ್ನ ದನಿ ಏರಿದಾಗ ಅದು ಅವರದೇ ಅನ್ನಿಸುತ್ತದೆ.

ಅವರ ಜೊತೆ ಇದ್ದವರು ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು. ಕಾಳಗಿಯ ಕಡೆಯವರು, ಮುಸಲ್ಮಾನರು. ನಾವೆಲ್ಲ ಚಾಚಾ ಅಂತಿದ್ದೆವು. ಇಬ್ಬರೂ ಮದುವೆಯಾಗಿದ್ದರೋ ಇಲ್ಲವೋ ಓಣಿಯಲ್ಲಿ ಯಾರೂ ಕೇಳಲಿಲ್ಲ. ಮಾವಶಿ ಚಿಮ್ಮನಚೋಡದ ತವರಿನಿಂದ ಹೊರಬಿದ್ದವರೆಂದು ಮಾತ್ರ ಗೊತ್ತಿತ್ತು. ಕಂಪನಿಯಲ್ಲಿ ತೀರಿಹೋದ ಒಬ್ಬ ನಟಿಯ ಕೂಸನ್ನು ತಂದು ಇಬ್ಬರೂ ಮಗಳಂತೆ ಸಾಕಿದರು. ಆ ಮಗಳು ನನ್ನ ಓರಗೆಯವಳು, ನನ್ನ ಜೀವದ ಗೆಳತಿ. ಮಾವಶಿಗೆ ಅವ್ವ ಅಂತಿದ್ದಳು, ಚಾಚಾಗೆ ಅಬ್ಬಾ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಚಾಚಾ ಹೊಸ್ತಿಲಲ್ಲಿ ಕೂತು ಏನೋ ರಾಗ ಗುನುಗುತ್ತ ಅವಳ ಜಡೆ ಹೆಣೆಯುತ್ತಿದ್ದರು. ಅದು ಮುಗಿದರೆ ನನ್ನದು.

ಒಮ್ಮೆ ಪತ್ರಿಕೆಯವರೊಬ್ಬರು ಮಾವಶಿಯನ್ನು ಮಾತಾಡಿಸಲು ಬಂದಿದ್ದರು. ಚಾಚಾ ಎದ್ದು ಒಳಗೆ ಹೊರಟರು. ಮಾವಶಿ ಅವರ ಕೈ ಹಿಡಿದು ಕೂರಿಸಿದರು.

“ನಂದು ಬರೀತಿದ್ರ ಮಾಸ್ತರ್ದೂ ಬರೀರಿ. ನಾವಿಬ್ಬರೂ ಒಂದ ಮನ್ಯಾಗ ಬಾಳೇ ಮಾಡೀವಿ. ಅವರದು ಬ್ಯಾಡಂದ್ರ ನಂದೂ ಬ್ಯಾಡ.”

ಪತ್ರಿಕೆಯವರು ಆ ಮಾತನ್ನು ಹಾಗೆಯೇ ಅಚ್ಚು ಹಾಕಿದರು. ಗೆಳತಿ ಅದನ್ನು ಓಣಿಯ ಮನೆಮನೆಗೂ ಒಯ್ದು ತೋರಿಸಿ ಬಂದಳು.

ಮುಂದೆ ಚಾಚಾ ತೀರಿಕೊಂಡರು. ಕೆಲವು ವರ್ಷಕ್ಕೆ ಮಾವಶಿಯೂ. ಗೆಳತಿ ಸೇಡಂಗೆ ಲಗ್ನವಾಗಿ ಹೋಗಿದ್ದಳು, ನಾನು ಚಿತ್ತಾಪುರದಲ್ಲಿ ನಿಂತೆ. ಆದರೂ ಇಬ್ಬರೂ ಕೂತರೆ ಮಾವಶಿಯದೇ ಮಾತು. ಅವರ ಕಂಪನಿ, ಅವರ ಹಾಡು, ಯಾವುದೂ ಎಲ್ಲಿಯೂ ಸಿಗುವುದಿಲ್ಲವಲ್ಲ ಎಂದು ಒಂದು ದಿನ ಅವಳೇ ಕಣ್ಣೀರು ತೆಗೆದಳು. ಆನ್‌ಲೈನ್ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದೆಂದು ನಾನು ಹೇಳಿದೆ. “ಹಂಗಾದ್ರ ನೀನ ಬರಿ, ನಿನ್ನಷ್ಟು ಅವ್ವನ್ನ ಬಲ್ಲವ್ರು ಯಾರವ್ವಾ?” ಅಂದಳು.

ಸೇಡಂನ ಅವಳ ಮನೆಯಲ್ಲೇ ಕೂತು ಬರೆದೆ. ಒಂದೊಂದು ಸಾಲನ್ನೂ ಅವಳು ಓದಿದಳು. ವಾಡಿಯ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೋವನ್ನು ಗೋಡೆಯಿಂದ ಇಳಿಸಿ ಕೊಟ್ಟಳು. ಮಾವಶಿ ನಿಂತಿದ್ದಾರೆ, ಚಾಚಾ ಪೇಟಿಯ ಮುಂದೆ ಕೂತಿದ್ದಾರೆ. ಫೋನಿನಲ್ಲಿ ಅದರ ಪ್ರತಿ ತೆಗೆದುಕೊಂಡು ಮತ್ತೆ ಗೋಡೆಗೇ ತೂಗುಹಾಕಿದೆ. ಪುಟ ಎಲ್ಲರಿಗೂ ಕಾಣುವಂತಾದ ದಿನ ಫೋನಿನಲ್ಲೇ ಹಾಡು ಹಾಡಿದಳು.

ಹಲವು ತಿಂಗಳಾದ ಮೇಲೆ ಚಿಮ್ಮನಚೋಡದಿಂದ ಫೋನ್ ಬಂತು. ಮಾವಶಿಯ ಅಣ್ಣನ ಮಗ.

“ನಮ್ಮ ಅತ್ತಿ ಬಗ್ಗೆ ಬರೀಲಿಕ್ಕ ನೀವ್ಯಾರ್ರಿ? ಆಕಿ ಕೀರ್ತನ ಹಾಡಾಕಿ. ನಾಟಕ ಕಂಪನಿ ಅಂತ ಯಾಕ ಹಾಕೀರಿ? ಆ ಪೇಟಿಯಂವನ ಹೆಸರು ಮೊದಲ ತೆಗೀರಿ.”

ಮಾವಶಿ ಬದುಕಿದ್ದಾಗ ಒಂದು ದಿನವೂ ಬಾಗಿಲಿಗೆ ಬಾರದ ಮನೆತನ ಅದು. ಸಿಟ್ಟು ಬಂದರೂ ಕೂಗಾಡಲಿಲ್ಲ. ನಿಮ್ಮ ತಕರಾರನ್ನು ಪುಟದ ಜೊತೆಗಿರುವ ಚರ್ಚೆಯ ಜಾಗದಲ್ಲಿ ಬರೆಯಿರಿ, ತಪ್ಪಿದ್ದರೆ ತಿದ್ದೋಣ ಅಂದೆ. ಅವರು ಬರೆದರು. ಅದರಲ್ಲಿ ಕೆಲವು ನ್ಯಾಯವಾದವೇ ಇದ್ದವು. ತವರಿನ ಜಗಳವನ್ನು ನಾನು ಕೇಳಿದ್ದು ಬಾಯಿಮಾತಿನಲ್ಲಿ, ಅದನ್ನು ತೆಗೆದೆ. ಬದುಕಿರುವವರ ಖಾಸಗಿ ಸಂಗತಿ ಬೇಡವೆಂದು ವಿಶ್ವಕೋಶದ ಸಂಪಾದಕರೊಬ್ಬರು ತಿಳಿಸಿದರು. ಮುಖ ನೋಡದ ಮನುಷ್ಯ, ತಾಳ್ಮೆಯವರು. ಗೆಳತಿಯ ಹೆಸರನ್ನೂ ತೆಗೆದೆ. ನಾನು ಪಕ್ಕದ ಮನೆಯವಳೆಂದು ಚರ್ಚೆಯಲ್ಲಿ ಒಪ್ಪಿಕೊಂಡು, ಇನ್ನು ಮೇಲೆ ನಾನಾಗಿ ಏನೂ ತಿದ್ದುವುದಿಲ್ಲ, ನೀವೇ ನೋಡಿ ತೀರ್ಮಾನಿಸಿ ಎಂದೆ. ಆದರೆ ಚಾಚಾರ ಹೆಸರು ಮಾವಶಿಯ ಬಾಯಿಂದಲೇ ಬಂದದ್ದು, ಅಚ್ಚಾದದ್ದು. ಅದು ಇರಬೇಕೆಂದು ಬರೆದೆ.

ಇದನ್ನೆಲ್ಲ ಹೇಳಲು ಸೇಡಂಗೆ ಹೋದಾಗ ಗೆಳತಿ ಚಹಾ ಕೊಟ್ಟಳು. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಹೊಸ ಕಟ್ಟು ಹಾಕಿಸಲು ಕೊಟ್ಟೀನಿ ಅಂದಳು. “ನೀ ಚಿಂತಿ ಮಾಡಬ್ಯಾಡ, ಚಿಮ್ಮನಚೋಡದವರಿಗೆ ನಾ ಹೇಳ್ತೀನಿ” ಎಂದು ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿದಳು. ನಂಬಿ ಬಂದೆ.

ಆ ವಾರವೇ ಚರ್ಚೆಯಲ್ಲಿ ಹೊಸ ಬರಹ ಬಂತು. ಕೆಳಗೆ ಕುಟುಂಬದವರು ಎಂದಷ್ಟೇ ಇತ್ತು. ಅದರ ಪ್ರಕಾರ ಪೇಟಿ ಮಾಸ್ತರ ಆ ಮನೆಯಲ್ಲಿ ಬಾಡಿಗೆಗೆ ಇದ್ದವನು, ಬೇರೆ ಸಂಬಂಧವಿಲ್ಲ. ಬರೆದವಳು ಹೊರಗಿನವಳು, ಹೊಟ್ಟೆಕಿಚ್ಚಿನವಳು. ಕೊನೆಯ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ: “ನಮ್ಮ ಅವ್ವ ಕೈತುತ್ತು ಹಾಕಿ ಬೆಳೆಸಿದವಳೇ ಇವತ್ತು ಅವ್ವನ ಮಾನ ಕಳೆಯುತ್ತಿದ್ದಾಳೆ.”

ಮಾವಶಿಯನ್ನು ಅವ್ವ ಅನ್ನುವವಳು ಜಗತ್ತಿನಲ್ಲಿ ಒಬ್ಬಳೇ.

ಜೊತೆಗೆ ಒಂದು ಫೋಟೋ ಹಾಕಿ, ಇದನ್ನೇ ಬಳಸಬೇಕೆಂದು ಕೇಳಿದ್ದರು. ವಾಡಿಯ ಸ್ಟುಡಿಯೋದ್ದೇ. ಮಾವಶಿ ಒಬ್ಬರೇ ನಿಂತಿದ್ದರು. ಅಂಚಿನಲ್ಲಿ ಪೇಟಿಯ ಚೂರು ಮರ ಉಳಿದಿತ್ತು.

ಫೋನ್ ಮಾಡಿದೆ. ಅವಳು ಸುಳ್ಳು ಹೇಳಲಿಲ್ಲ.

“ಹೌದು, ನಾನ ಬರಿಸೀನಿ. ಮಗಳಿಗಿ ದೊಡ್ಡ ಮನೀದು ಸಂಬಂಧ ಬಂದದ. ಬೀಗರು ಫೋನಿನ್ಯಾಗ ಎಲ್ಲಾ ಹುಡುಕಿ ನೋಡ್ತಾರ, ಗೊತ್ತದೇನು ನಿನಗ? ಚಿಮ್ಮನಚೋಡದವರು ಮದುವಿಗಿ ಸೋದರಮಾವ ಅಂತ ನಿಂದ್ರಲಿಕತ್ತಾರ. ನನಗ ಹಿಂದ ಮುಂದ ಯಾರದಾರ ಹೇಳು?”

“ನಿನ್ನ ಕಷ್ಟ ನನಗ ಮೊದಲ ಹೇಳಬಹುದಿತ್ತಲ್ಲ” ಅಂದೆ. “ಅಬ್ಬಾ ಬಾಡಿಗಿಗಿದ್ರೇನ? ನಿನ್ನ ಜಡಿ ಹಾಕಿದವ್ರು?”



“ಅಬ್ಬಾ ಅನಬ್ಯಾಡ” ಅಂದಳು. “ಈಗ ನಾ ಹಂಗ ಅನ್ನೂದಿಲ್ಲ.”

ಅಂದು ನನಗೆ ಅಳು ಬರಲಿಲ್ಲ.  ಊರೆಲ್ಲ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಹೊಟ್ಟೆಕಿಚ್ಚಿನವಳು ಅಂದದ್ದನ್ನೂ ನುಂಗಬಹುದು. ಚಾಚಾರ ಕೈ ಹಿಡಿದು ಕೂರಿಸಿದ್ದ ಮಾವಶಿಯ ಕೈಯನ್ನು ಮಗಳೇ ಬಿಡಿಸಿದಳಲ್ಲ... ಅದನ್ನು ಹೇಗೆ ಹೇಳಲಿ, ಯಾರಿಗೆ ಹೇಳಲಿ?

ಸಂಪಾದಕರು ಎರಡೂ ಕಡೆಯದನ್ನು ಓದಿ ತೀರ್ಮಾನ ಬರೆದರು. ಕುಟುಂಬದ ನೋವು ಅರ್ಥವಾಗುತ್ತದೆ, ಆದರೆ ಆ ತಾಯಿಯೇ ತಮ್ಮ ಬಾಳಿನ ಬಗ್ಗೆ ಹೇಳಿದ್ದು ಅಚ್ಚಿನಲ್ಲಿದೆ, ಅದನ್ನು ಅಳಿಸಲು ಬರುವುದಿಲ್ಲ. ಜೋಡಿ ಫೋಟೋವನ್ನು ಕೊಟ್ಟವರು ಬೇಡವೆಂದದ್ದರಿಂದ ತೆಗೆದರು, ಕತ್ತರಿಸಿದ್ದನ್ನು ಒಪ್ಪಲಿಲ್ಲ. ಹೀಗೆ ಮಾವಶಿಯ ಪುಟ ಉಳಿಯಿತು, ಮುಖವಿಲ್ಲದೆ. ಚಾಚಾರ ಹೆಸರು ಒಂದೇ ಒಂದು ಸಾಲಿನಲ್ಲಿದೆ. ಗೆದ್ದೆನೋ ಸೋತೆನೋ ನನಗೆ ತಿಳಿಯುವುದಿಲ್ಲ.

ಆ ಸಾಲು ಇದ್ದೂ ಮದುವೆ ನಡೆಯಿತು. ಬೀಗರು ಹುಡುಕಿ ನೋಡಿದರೋ, ನೋಡಿಯೂ ಸುಮ್ಮನಾದರೋ... ನನಗೆ ಕರೆಯೋಲೆ ಬರಲಿಲ್ಲ.

ಮೊನ್ನೆ ವಾಡಿ ಸ್ಟೇಷನ್ನಿನಲ್ಲಿ ಅವರೆಲ್ಲ ಎದುರಾದರು. ಗೆಳತಿ, ಹಸಿರು ಬಳೆಯ ಮಗಳು, ಪಕ್ಕದಲ್ಲಿ ಬೀಗಿತಿ. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ. ನಾನೇ, “ಆರಾಮಿದ್ದಿ?” ಎಂದು ಕೇಳಿದೆ. ತಲೆಯಾಡಿಸಿದಳು. ಇವರ್ಯಾರು ಎಂದು ಬೀಗಿತಿ ಕೇಳಿದರು.

“ಮೊದಲ ಶಹಾಬಾದಿನ್ಯಾಗ ನಮ್ಮ ಬಾಜೂಕ ಬಾಡಿಗಿಗಿದ್ರು” ಅಂದಳು ಗೆಳತಿ.

ನಮ್ಮದು ಸ್ವಂತ ಮನೆ. ನಾನು ತಿದ್ದಲಿಲ್ಲ. ಹುಟ್ಟಿದಾಗಿಂದ ನಾನು ಎತ್ತಿ ಆಡಿಸಿದ ಆ ಹುಡುಗಿ ಗುರುತಿಲ್ಲದವರಿಗೆ ಮಾಡುವಂತೆ ಕೈ ಮುಗಿದಳು. ರೈಲು ಬಂತು, ಅವರು ಹತ್ತಿ ಹೋದರು.

ಮಾವಶಿ ಸಿಟ್ಟಿನ ಅತ್ತೆಯಾಗಿ ಹೇಗೆ ಗದರುತ್ತಿದ್ದರು, ಚಾಚಾ ಯಾವ ರಾಗ ಗುನುಗುತ್ತಿದ್ದರು ಎಂದು ಮಾತಾಡಬೇಕೆಂದರೆ ನನಗಿದ್ದವಳು ಅವಳೊಬ್ಬಳೇ. ಆ ರಾಗದ ಹೆಸರು ನನಗೆ ಮರೆತಿದೆ. ಅವಳಿಗೆ ಗೊತ್ತು. ಕೇಳುವಂತಿಲ್ಲ.