ಕಣ್ಣು ಕೊಟ್ಟ ಮೇಲೆ

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಕಂದು ನಾಯಿಯನ್ನು ಎದುರಿಗೆ ಮಲಗಿಸಿಕೊಂಡು, ಕ್ರೋಶಾ ಕಡ್ಡಿಯಲ್ಲಿ ಥೇಟ್ ಅಂಥದೇ ಉಲ್ಲನ್ ನಾಯಿ ಹೆಣೆಯುತ್ತಿದ್ದರು. ಕಿವಿ ಕೊಂಚ ಸೊಟ್ಟಗಾದರೂ ಸರ್ರನೆ ಬಿಚ್ಚುವರು. ನಾನು ಅಯ್ಯೋ ಎಂದರೆ, "ಬಿಚ್ಚುದ್ರೆ ದಾರ ಎಲ್ಗೋಯ್ತದವ್ವಾ?" ಎಂದು ನಗುವರು.

ಕೊನೆಗೆ ಹತ್ತಿ ತುಂಬಿ, ಕಪ್ಪು ಗುಂಡಿಯ ಕಣ್ಣು ಹೊಲಿದರು. ಆಗಲೇ ನಿಜವಾದ ನಾಯಿ ಎದ್ದು ಮೈಮುರಿಯಿತು. ಅದರ ಬಾಲ ಎಡಕ್ಕೆ ಸುರುಳಿ, ಗೊಂಬೆಯದ್ದು ಬಲಕ್ಕೆ!

"ಬಿಚ್ಚಿಬಿಡಿ ಅಜ್ಜಿ, ದಾರ ಎಲ್ಲಿಗೆ ಹೋಗುತ್ತೆ?" ಎಂದೆ.

"ಕಣ್ ಕೊಟ್ಬುಟ್ನಲ್ಲವ್ವಾ! ನೋಡ್ತಾ ಅದೆ."

ಅದನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಸೆರಗಿನಿಂದ ಗೊಂಬೆಯ ಕಣ್ಣು ಮುಚ್ಚಿ, "ವಸಿ ತಡ್ಕೊ ಕಣ್ಲಾ" ಎನ್ನುತ್ತ ಮೆಲ್ಲಗೆ ಬಾಲ ಬಿಚ್ಚತೊಡಗಿದರು.